ಗುಜರಿಯಿಂದ ಬಂದ ಬಾಗಿಲು

"ಬಾಗಿಲು ತೆಗೆದಿಟ್ಕೊಂಡು ಗಾಡಿ ಹಿಂದಕ್ಕೆ ಬಿಡೋಳು ಈ ಭೂಮಿ ಮೇಲೆ ನೀನೊಬ್ಬಳೇ ಕಣೆ."

"ನನ್ನ ಗಾಡಿ, ನನ್ನ ಬಾಗಿಲು. ಹೇಗೆ ಬೇಕೋ ಹಾಗೆ ಬಿಡ್ತೀನಿ. ನಿಮ್ಮ ಹೊಲಿಗೆ ಮಷಿನ್ನಿನ ಮೇಲೆ ನಾನು ಬಂದು ಕಾಲಿಟ್ಟಿದೀನಾ?"

"ನಿನ್ನ ಬಾಗಿಲು ಎಲ್ಲಿದೆ ಈಗ? ತೋರ್ಸು, ನೋಡೋಣ."

ಬಾಗಿಲು ಗೇಟಿನ ಕಂಬದ ಬುಡದಲ್ಲಿ ಬಿದ್ದಿತ್ತು. ಯಾರೋ ತುಳಿದ ತಗಡಿನ ಡಬ್ಬದ ಹಾಗೆ ಮುದುಡಿಕೊಂಡಿತ್ತು. ಗಾಜು ಪುಡಿಪುಡಿ. ಒಳಗಿನಿಂದ ಓಡಿಬಂದಿದ್ದ ಗಂಡನ ಕೊರಳಲ್ಲಿ ಅಳತೆ ಟೇಪು ನೇತಾಡುತ್ತಿತ್ತು. ಹೊಲಿಯುತ್ತಿದ್ದ ಅಂಗಿಯ ತೋಳನ್ನು ಕೆಳಗಿಡಲು ಮರೆತು, ಅದನ್ನೇ ಬೀಸಿ ಬೀಸಿ ಬಯ್ಯುತ್ತಿದ್ದ. ಟೈಲರಿಗೆ ಸಿಟ್ಟು ಬರುವುದೇ ಅಪರೂಪ. ಬಂದಾಗ ಹೇಗೆ ನಿಲ್ಲಬೇಕೆಂಬ ಅಭ್ಯಾಸ ಅವನಿಗಿರಲಿಲ್ಲ.

ಅವಳು ಬ್ರೆಡ್ಡಿನ ವ್ಯಾನು ಓಡಿಸುತ್ತಿದ್ದಳು. ಬೆಳಕು ಹರಿಯುವ ಮೊದಲೇ ಬೇಕರಿಗೆ ಹೋಗಿ, ಟ್ರೇ ತುಂಬಿಕೊಂಡು, ಅಂಗಡಿ ಅಂಗಡಿಗೆ ಇಳಿಸಿ ಬರುವುದು ಕೆಲಸ. ಕನ್ನಡಿಯನ್ನು ಅವಳು ಯಾವತ್ತೂ ನಂಬಿದವಳಲ್ಲ. ಹಿಂದಕ್ಕೆ ಬಿಡುವಾಗ ಬಾಗಿಲು ತೆರೆದು, ಅರ್ಧ ಮೈ ಹೊರಗೆ ಹಾಕಿ, ಒಂದು ಕೈಯಲ್ಲಿ ಸ್ಟೀರಿಂಗು ಹಿಡಿದು ಬಿಡುವುದೇ ಪದ್ಧತಿ. ವರ್ಷಗಟ್ಟಲೆ ಹಾಗೇ ಬಿಟ್ಟಿದ್ದಳು. ಈ ದಿನ ಕಂಬ ಬಾಗಿಲನ್ನು ಹಿಡಿದುಕೊಂಡಿತು, ಅವಳು ಬ್ರೇಕು ಹಿಡಿಯುವ ಮೊದಲೇ ಕೀಲು ಕಿತ್ತುಹೋಯಿತು.

"ಕಾಲಿಗೇನೂ ಆಗ್ಲಿಲ್ಲ ತಾನೆ?" ಎಂದು ಮೆಟ್ಟಿಲ ಮೇಲಿಂದ ಅತ್ತೆ ಕೇಳಿದರು.

"ಇಲ್ಲ ಅತ್ತೆ."

"ಹಾಗಾದ್ರೆ ಬೈಯೋದಕ್ಕೆ ಅಡ್ಡಿಯಿಲ್ಲ. ಮುಂದುವರಿಸೋ," ಎಂದು ಮಗನಿಗೆ ಹೇಳಿ ಅತ್ತೆ ಒಳಗೆ ಹೋದರು.

ಮರುದಿನ ಬಾಗಿಲಿದ್ದ ಜಾಗಕ್ಕೆ ಹಳೆಯ ಪರದೆ ಕಟ್ಟಿಕೊಂಡು ಅವಳು ಬೇಕರಿಗೆ ಹೋದಳು. ಬೇಕರಿಯ ಯಜಮಾನರು ವ್ಯಾನಿನ ಸುತ್ತ ಒಂದು ಸುತ್ತು ಬಂದು, ಪರದೆಯನ್ನು ಎರಡು ಬೆರಳಲ್ಲಿ ಎತ್ತಿ ನೋಡಿದರು.

"ಇದೇನಮ್ಮ, ಗಾಡಿಯೋ ನಾಟಕ ಕಂಪನಿಯೋ?"

"ನಾಲ್ಕು ದಿನ ನಡೆಸ್ಕೊಳ್ಳಿ, ಸರಿ ಮಾಡಿಸ್ತೀನಿ."

"ದಾರಿ ಧೂಳೆಲ್ಲ ನನ್ನ ಬ್ರೆಡ್ಡಿನ ಮೇಲೆ ಕೂತ್ಕೊಂಡು ಸವಾರಿ ಮಾಡುತ್ತೆ. ಬೇಡ. ಈ ತಿಂಗಳು ಪೂರ್ತಿ ನನ್ನ ಅಳಿಯ ನಿನ್ನ ಲೈನು ನೋಡ್ಕೋತಾನೆ. ಒಂದನೇ ತಾರೀಕು ಬೆಳಿಗ್ಗೆ ಬಾಗಿಲಿರೋ ಗಾಡಿ ತಂದ್ರೆ ಲೈನು ನಿಂದು. ತರದಿದ್ರೆ ಅವನದೇ. ಆಮೇಲೆ ಬಂದು ಅತ್ತು ಕರೆದು ಮಾಡ್ಬೇಡ."

"ನಾನು ಅಳೋದು ನೀವು ಯಾವಾಗ ನೋಡಿದೀರಿ?"

"ಅದೂ ಸರಿ," ಎಂದು ಯಜಮಾನರು ಟ್ರೇ ಎಣಿಸಲು ಹೋದರು.

ಆ ಲೈನು ಅವಳು ಒಂದೊಂದೇ ಅಂಗಡಿಯ ಕಟ್ಟೆ ಹತ್ತಿ, ಮಾತಾಡಿ, ಜಗಳಾಡಿ ಕಟ್ಟಿದ್ದು. ಯಾವ ಅಂಗಡಿಯವನಿಗೆ ಮೆತ್ತನೆಯ ಬನ್ನು ಬೇಕು, ಯಾವನು ಕರಕಲು ಅಂಚಿದ್ದರೆ ವಾಪಸು ಕೊಡುತ್ತಾನೆ ಎಲ್ಲ ಅವಳಿಗೆ ಬಾಯಿಪಾಠ. ಮನೆಗೆ ಬಂದವಳೇ ಮಗಳ ಎದುರು ಕೂತು ಹೇಳಿದಳು: "ಆ ಸೀಟಿನ ಮೇಲೆ ಕೂತಾಗ ಮಾತ್ರ ಯಾರೂ ನನ್ನ ಕೂಗಲ್ಲ ಕಣೆ. ಅದೊಂದು ಹೋದ್ರೆ ನಾನು ಹುಚ್ಚಿ ಆಗ್ತೀನಿ."

"ಈಗ ಸ್ವಲ್ಪ ಕಡಿಮೆ ಇದೀಯಾ?" ಎಂದಳು ನರ್ಸಿಂಗ್ ಓದುತ್ತಿದ್ದ ಮಗಳು.

ಬಾಗಿಲು ಹುಡುಕಲು ಮಾವನೂ ಜೊತೆಗೆ ಹೊರಟರು. ಮಾವ ಜೀವಮಾನವಿಡೀ ಮನೆಗಳಿಗೆ ಬಾಗಿಲು ಕೂರಿಸಿದ ಬಡಗಿ. ಮಂಡಿ ನೋವು ಬಂದು ಕೆಲಸ ಬಿಟ್ಟ ಮೇಲೆ ಜಗಲಿಯಲ್ಲಿ ಕೂತು ಎದುರು ಮನೆಯ ಕಿಟಕಿ ಎಷ್ಟು ಸೊಟ್ಟಗಿದೆ ಎಂದು ಕಣ್ಣಳತೆ ಹಾಕುವುದೇ ಅವರ ಉದ್ಯೋಗ. ಗುಜರಿ ಅಂಗಡಿಗೆ ಹೊರಡುವಾಗ ತೂಗುಗುಂಡು, ಮಟ್ಟಗೋಲು ಎರಡನ್ನೂ ಚೀಲಕ್ಕೆ ಹಾಕಿಕೊಂಡರು.

ಗುಜರಿಯವನು ಅದನ್ನು ಕಂಡು ನಕ್ಕ. "ಯಜಮಾನ್ರೇ, ಇದು ಗಾಡಿ ಬಾಗಿಲು, ಮನೆ ಬಾಗಿಲಲ್ಲ."

"ಕೀಲಿದೆಯಾ?"

"ಇದೆ."

"ಚೌಕಟ್ಟಿದೆಯಾ?"

"ಇದೆ."

"ಮತ್ತೆ ಬಾಗಿಲಲ್ಲದೆ ಇನ್ನೇನು, ಕುದುರೆಯಾ?"

ಒಂದರ ಮೇಲೊಂದು ಒರಗಿಸಿದ್ದ ರಾಶಿಯಲ್ಲಿ ಅದೇ ಮಾದರಿಯ ವ್ಯಾನಿನ ಬಾಗಿಲು ಒಂದು ಸಿಕ್ಕಿತು. ಬಣ್ಣ ನೀಲಿ. ಅವಳ ವ್ಯಾನು ಕೆನೆ ಬಣ್ಣದ್ದು, ನಡುವಿಗೆ ಕೆಂಪು ಪಟ್ಟೆ. ಗಾಜು ನೆಟ್ಟಗಿತ್ತು, ಕೆಳ ಅಂಚು ತುಕ್ಕು ಹಿಡಿದಿತ್ತು, ನಡುವೆ ಮೊಣಕೈ ಊರಿದಂಥ ಒಂದು ತಗ್ಗು. ಮಾವ ಬೆರಳ ಗೆಣ್ಣಿನಿಂದ ತಟ್ಟಿ ತಟ್ಟಿ, ಕಿವಿಗೊಟ್ಟು ಕೇಳಿ, ತಲೆಯಾಡಿಸಿದರು. ಕೈಗಾಡಿಯ ಮೇಲೆ ಮಲಗಿಸಿಕೊಂಡು ಬಂದಾಗ ಬೀದಿಯ ಜನ ಯಾರಿಗೆ ಏನಾಯಿತೋ ಎಂದು ಎದ್ದು ನಿಂತರು.

ಅಂಗಳದಲ್ಲಿ ಎರಡು ಸ್ಟೂಲುಗಳ ಮೇಲೆ ಬಾಗಿಲನ್ನಿಟ್ಟು ಒಳಗಿನ ಹಲಗೆ ಬಿಚ್ಚಿದರು. ಗಾಜಿಳಿಯುವ ಸಂದಿಯಿಂದ ಒಳಗೆ ಬಿದ್ದ ಸಾಮಾನೆಲ್ಲ ತಳದಲ್ಲಿ ಕೂತಿತ್ತು: ಹಲ್ಲು ಮುರಿದ ಬಾಚಣಿಗೆ, ಕಲ್ಲಾಗಿಹೋದ ಪೆಪ್ಪರಮಿಂಟು, ಪುಟ್ಟ ಮಗುವಿನ ಒಂದು ಕಾಲುಚೀಲ.

"ಪಾಪ, ಆ ಮಗು ಒಂದು ಕಾಲಲ್ಲಿ ಬರಿಗಾಲಾಗೇ ದೊಡ್ಡದಾಗಿರುತ್ತೆ," ಎಂದಳು ಮಗಳು.

"ಆ ಮಗು ಈಗ ಮೀಸೆ ಬೋಳಿಸ್ಕೋತಿರುತ್ತೆ. ಆ ಕಡೆ ಹಿಡ್ಕೋ," ಎಂದರು ಮಾವ.

ಕೆಲಸ ಶುರುವಾಯಿತು. ತಂತಿ ಬ್ರಷ್ಷಿನಿಂದ ತುಕ್ಕು ಉಜ್ಜುವುದು ಅವಳ ಪಾಲು, ಉಪ್ಪುಕಾಗದ ತಿಕ್ಕುವುದು ಮಗಳ ಪಾಲು, ತಪ್ಪು ಹುಡುಕುವುದು ಮಾವನ ಪಾಲು. ಒಳಗಿನ ಹಲಗೆಗೆ ಬಟ್ಟೆ ಹೊದಿಸುವುದನ್ನು ಗಂಡನಿಗೆ ಒಪ್ಪಿಸಿದರು. ಅವನು ಯಾರದೋ ಸೋಫಾಕ್ಕೆ ಹೊಲಿದು ಉಳಿದ ದೊಡ್ಡ ದೊಡ್ಡ ಹೂವಿನ ಬಟ್ಟೆ ತೆಗೆದಿಟ್ಟ.

"ಒಳಗಿರೋದು ತಾನೆ, ಯಾರು ನೋಡ್ತಾರೆ?"

"ನಾನು ನೋಡ್ತೀನಿ, ದಿನಾ."

"ನಿನಗೆ ಹೂವು ಕಂಡ್ರೆ ಆಗಲ್ವಾ?"

"ಮೊಳಕಾಲ ಪಕ್ಕ ಕುಂಬಳಕಾಯಿ ಗಾತ್ರದ ಹೂವು ಆಗಲ್ಲ."

ಬಾಗಿಲನ್ನು ಮೊದಲ ಸಲ ಕೀಲಿಗೆ ಕೂರಿಸಿದಾಗ ಅದು ಮೂತಿ ಕೆಳಗೆ ಮಾಡಿತು. ಮೇಲೆ ಬೆರಳು ತೂರುವಷ್ಟು ಸಂದು, ಕೆಳಗೆ ಉಗುರೂ ಹೋಗದು. ಕೊಂಡಿ ತನ್ನ ಗೂಡಿಗೆ ಸೇರದೆ ಕಂಬಿಗೆ ಡಿಕ್ಕಿ ಹೊಡೆಯಿತು. ಗ್ಯಾರೇಜಿಗೆ ಒಯ್ಯೋಣವೇ ಎಂದು ಅವಳು ಕೇಳಿದ್ದಕ್ಕೆ ಮಾವ ಆ ಹೊತ್ತಿನ ಚಹಾ ಮುಟ್ಟಲಿಲ್ಲ. ಡಬ್ಬದ ಮುಚ್ಚಳ ಕತ್ತರಿಸಿ ತೆಳ್ಳಗಿನ ತಗಡಿನ ಚೂರು ಮಾಡಿ, ಮನೆ ಬಾಗಿಲ ಕೀಲಿಗೆ ಇಡುವ ಹಾಗೆ ಕೆಳಗಿನ ಕೀಲಿನಡಿಗೆ ಇಟ್ಟರು. ಮೂತಿ ಸ್ವಲ್ಪ ಮೇಲೆದ್ದಿತು. ಇನ್ನೊಂದು ಚೂರು ಇಟ್ಟರು. ಸ್ವಲ್ಪ ಹೆಚ್ಚೇ ಎದ್ದಿತು. ಮತ್ತೆ ಬಿಚ್ಚಿದರು. ಹೀಗೆ ಬಿಚ್ಚುವುದು, ಕಟ್ಟುವುದು, ದೂರ ನಿಂತು ಒಂದು ಕಣ್ಣು ಮುಚ್ಚಿ ನೋಡುವುದು. ಮಾವನ ಮಂಡಿ ನೋವಿನ ಸುದ್ದಿಯೇ ಇರಲಿಲ್ಲ.

ಇತ್ತ ಮನೆಯೊಳಗೆ ಬೇರೊಂದು ಬದಲಾವಣೆ ಆಗುತ್ತಿತ್ತು. ಲೈನಿದ್ದಾಗ ಬೆಳಗಿನ ಹೊಟ್ಟೆಗೆ ಹಿಂದಿನ ದಿನ ಉಳಿದ ಬ್ರೆಡ್ಡು, ಮಧ್ಯಾಹ್ನಕ್ಕೆ ಅವಳು ಬಂದು ಒಂದೇ ಉಸಿರಿಗೆ ಬೇಯಿಸಿಟ್ಟದ್ದು, ರಾತ್ರಿಗೂ ಅದೇ. ಸೊಸೆ ಮನೆಗೆ ಬಂದ ದಿನವೇ ಅತ್ತೆ ಒಲೆಗೆ ಕೈಮುಗಿದು ಅಡುಗೆ ಬಿಟ್ಟವರು. ಈಗ ಮೂರು ಹೊತ್ತೂ ಬಿಸಿ ಬಿಸಿ ಅನ್ನ, ಒಗ್ಗರಣೆ ಹಾಕಿದ ಬೇಳೆ, ಹುರಿದ ಮೊಟ್ಟೆ. ಅತ್ತೆಯ ಕೆನ್ನೆ ತುಂಬಿಕೊಂಡಿತು. ಹತ್ತು ಸಲ ಕೂಗಿದರೂ ಮಷಿನ್ನು ಬಿಟ್ಟೇಳದ ಗಂಡ ಈಗ ಒಗ್ಗರಣೆಯ ಸದ್ದಿಗೇ ಎದ್ದು ಬಂದು ತಟ್ಟೆ ಹಾಕಿಕೊಂಡು ಕೂರುತ್ತಿದ್ದ. ಒಂದು ದಿನ ಅವನು ಮೂಲೆಯಲ್ಲಿ ಕೂತು ತನ್ನದೇ ಪ್ಯಾಂಟಿನ ಸೊಂಟ ಬಿಚ್ಚಿ ಅಗಲ ಮಾಡುತ್ತಿದ್ದುದನ್ನು ಮಗಳು ಕಂಡಳು.

"ಅಪ್ಪ, ಯಾರ ಪ್ಯಾಂಟು ಅದು?"

"ಗಿರಾಕೀದು."

"ಗಿರಾಕಿ ಊಟಕ್ಕೆ ಬಾ ಅಂತ ಅಮ್ಮ ಕರೀತಿದಾಳೆ."

ಊಟದ ನಡುವೆ ಅತ್ತೆ ಮೆಲ್ಲಗೆ ಎತ್ತಿದರು: "ಅಳಿಯ ಅಂದ್ರೆ ಮನೆಯವನೇ ಅಲ್ವಾ. ಬೇಕರಿಯವರು ಅವನಿಗೇ ಕೊಟ್ರೂ ತಪ್ಪೇನಿಲ್ಲ."

"ಏನಂದ್ರಿ ಅತ್ತೆ?"

"ಏನಿಲ್ಲಮ್ಮ. ಬೇಳೆ ಚೆನ್ನಾಗಿದೆ ಅಂದೆ."

ತಿಂಗಳು ಮುಗಿಯುತ್ತಾ ಬಂತು. ಕೀಲಿನ ಮಟ್ಟ ಸರಿಹೋಗಿ, ಕೊನೆಯ ಸಲ ಬಿಗಿಯುವುದಷ್ಟೇ ಉಳಿದಿದೆ ಎನ್ನುವಾಗ ಬೋಲ್ಟುಗಳು ಮಾಯವಾದವು. ಮಾವ ಬಟ್ಟಲಲ್ಲಿ ಎಣ್ಣೆ ಹಾಕಿ ನೆನೆಸಿಟ್ಟಿದ್ದರು. ಬಟ್ಟಲಿತ್ತು, ಎಣ್ಣೆ ಇತ್ತು, ಬೋಲ್ಟಿರಲಿಲ್ಲ. ಅಂಗಳ ಗುಡಿಸಿದರು. ಕಸದ ಬುಟ್ಟಿ ಮಗುಚಿದರು. ಮಾವ ತಮ್ಮ ಜೇಬನ್ನೇ ಮತ್ತೆ ಮತ್ತೆ ತಡಕಿದರು, ಕೊನೆಗೆ ಜಗಲಿಯಲ್ಲಿ ಕೂತು ಎರಡೂ ಕೈ ನೋಡಿಕೊಂಡರು.

"ಎಲ್ಲಿಟ್ಟೆನೋ ನೆನಪೇ ಆಗ್ತಿಲ್ಲಮ್ಮ. ಅರಳುಮರಳು ಶುರುವಾಯ್ತು ಅನ್ಸುತ್ತೆ."

"ಸುಮ್ನಿರಿ ಮಾವ, ಸಿಗುತ್ತೆ," ಎಂದಳು. ಅವರ ಮುಖ ನೋಡಿದವಳೇ ಗುಜರಿ ಅಂಗಡಿಗೆ ಓಡಿದಳು. ಗುಜರಿಯವನ ಬಳಿ ಆ ಅಳತೆಯ ಬೋಲ್ಟು ಇರಲಿಲ್ಲ, ತರಿಸಬೇಕು ಎಂದ. ತರಿಸುವಷ್ಟರಲ್ಲಿ ಒಂದನೇ ತಾರೀಕು ದಾಟಿಹೋಗುತ್ತಿತ್ತು.

ಆ ಸಂಜೆ ಮಗಳ ಸಮವಸ್ತ್ರದ ಗುಂಡಿ ಕಿತ್ತಿತ್ತು. ಹೊಂದುವ ಗುಂಡಿಗಾಗಿ ಅವಳು ಗಂಡನ ಗುಂಡಿ ಡಬ್ಬ ತೆಗೆದು ಮಂಚದ ಮೇಲೆ ಸುರಿದಳು. ಬಣ್ಣ ಬಣ್ಣದ ಗುಂಡಿಗಳ ನಡುವೆ, ಎಣ್ಣೆ ಒರೆಸಿ, ಸ್ವಚ್ಛ ಬಟ್ಟೆಯ ತುಂಡಿನಲ್ಲಿ ಸುತ್ತಿದ ಬೋಲ್ಟುಗಳು ಉರುಳಿದವು.

"ರೀ," ಎಂದಳು. ಆ ಒಂದು ಅಕ್ಷರಕ್ಕೆ ಮಷಿನ್ನು ನಿಂತಿತು.

"ಅದು... ಅಮ್ಮ ಇಟ್ಟಿದ್ದು."

"ನಾನ್ಯಾಕೆ ಇಡ್ಲಿ?" ಅತ್ತೆ ಒಳಗಿನಿಂದಲೇ ಹೇಳಿದರು. "ನೀನೇ ತಾನೆ ಕೇಳಿದ್ದು, ಎರಡು ದಿನ ಎಲ್ಲಾದ್ರೂ ಇಡಮ್ಮ ಅಂತ."

"ನಾನು ಎರಡು ದಿನ ಅಂದೆ. ನನ್ನ ಡಬ್ಬದಲ್ಲೇ ಇಡು ಅಂದ್ನಾ?"

"ಮತ್ತೆ ನನ್ನ ಬಾಯಲ್ಲಿಟ್ಕೊಳ್ಲಾ?"

ಜಗಲಿಯಿಂದ ಮಾವ ಎದ್ದು ಬಂದರು. ಬೋಲ್ಟು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಮಗನನ್ನು ನೋಡಿದರು.

"ನನ್ನ ತಲೆ ಕೆಟ್ಟಿದೆ ಅಂತ ಬೆಳಿಗ್ಗೆಯಿಂದ ಅನ್ನ ಇಳೀತಿಲ್ಲ ನನಗೆ. ನೀನು ಎರಡನೇ ಸಲ ಬಡಿಸ್ಕೊಂಡು ಉಂಡ್ಯಲ್ಲೋ, ಕಳ್ಳ."

"ತಪ್ಪಾಯ್ತು ಅಪ್ಪ. ಬಿಸಿ ಊಟ..."

"ಏನು ಬಿಸಿ ಊಟ?" ಎಂದಳು ಅವಳು.

"ಇಷ್ಟು ವರ್ಷದ ಮೇಲೆ ಮನೇಲಿ ಮೂರು ಹೊತ್ತು ಬಿಸಿ ಊಟ ಸಿಕ್ತಿದೆ. ಇನ್ನೊಂದೆರಡು ದಿನ ಇರ್ಲಿ ಅನ್ಸಿತ್ತು. ಲೈನು ಹೋಗ್ಲಿ ಅಂತ ಅಲ್ಲ."

"ಎರಡು ದಿನ ಕಳೆದ್ರೆ ಲೈನು ಹೋಗುತ್ತೆ. ನಿಮಗೆ ಗೊತ್ತಿತ್ತು."

ಗಂಡ ಅಳತೆ ಟೇಪನ್ನು ಬೆರಳಿಗೆ ಸುತ್ತತೊಡಗಿದ. ಅವನಿಗೆ ಗೊತ್ತಿತ್ತು.

"ಸರಿ, ಎಲ್ಲರೂ ಕೇಳಿಸ್ಕೊಳ್ಳಿ," ಎಂದು ಅವಳು ಸೆರಗು ಸಿಕ್ಕಿಸಿ ನಿಂತಳು. "ಬಾಗಿಲು ಕೂತ ಮೇಲೆ ಒಲೆ ಹತ್ತುತ್ತೆ. ಅಲ್ಲೀವರೆಗೆ ನನ್ನ ಕೈ ಒಲೆಗೆ ತಾಗಲ್ಲ. ಹಸಿವಾದ್ರೆ ಗುಂಡಿ ತಿನ್ನಿ."

ಅಷ್ಟೇ. ಮರುದಿನ ಅಂಗಳದಲ್ಲಿ ಕಂಡ ಚುರುಕು ಆ ಮನೆ ಎಂದೂ ಕಂಡಿರಲಿಲ್ಲ. ಗಂಡ ಮಷಿನ್ನು ಮುಚ್ಚಿಟ್ಟು ಬಾಗಿಲನ್ನು ಭುಜ ಕೊಟ್ಟು ಎತ್ತಿ ಹಿಡಿದ. ಮಗಳು ತಗಡಿನ ಚೂರು ಸರಿಸಿದಳು. ಮಾವ ಬೋಲ್ಟು ತಿರುಗಿಸಿದರು. ಅತ್ತೆಯೂ ಮೆಟ್ಟಿಲಿಳಿದು ಬಂದು, "ಇನ್ನೊಂಚೂರು ಮೇಲೆ, ಆ ಕಡೆ, ಅಯ್ಯೋ ಈ ಕಡೆ" ಎಂದು ಎಲ್ಲರನ್ನೂ ಗೊಂದಲಕ್ಕೀಡುಮಾಡಿದರು. ಹೊಟ್ಟೆ ಚುರುಗುಟ್ಟುವ ಹೊತ್ತಿಗೆ ಬಾಗಿಲು ಟಕ್ಕೆಂದು ಕೂತಿತು. ಮಾವ ತೆಗೆದರು, ಹಾಕಿದರು, ತೆಗೆದರು, ಹಾಕಿದರು. ಟಕ್, ಟಕ್. ಸುತ್ತಲೂ ಒಂದೇ ಸಮ ಸಂದು.

"ಇನ್ನು ಒಲೆ?" ಎಂದ ಗಂಡ.

"ಹಚ್ತೀನಿ. ತರಕಾರಿ ನೀವೇ ಹೆಚ್ಚಿ."

ತಗ್ಗಿಗೆ ಪುಟ್ಟಿ ತುಂಬಿ, ಒಣಗಿಸಿ, ತಿಕ್ಕಿ, ಪ್ರೈಮರ್ ಬಳಿದದ್ದಾಯಿತು. ಅಂಗಡಿಯ ಕೆನೆ ಬಣ್ಣ ಡಬ್ಬದಲ್ಲಿ ಹೊಸ ಮದುಮಗಳ ಹಾಗೆ ಹೊಳೆಯುತ್ತಿತ್ತು, ವ್ಯಾನಿನದು ಬಿಸಿಲುಂಡು ಕಂದಿತ್ತು. ಮಾವ ಕಂದು ಬಣ್ಣವನ್ನು ಹನಿ ಹನಿಯಾಗಿ ಬೆರೆಸುತ್ತ, ಮುರಿದ ಹಳೆಯ ಬಾಗಿಲಿನ ಮೇಲೆ ಹಚ್ಚಿ ಹಚ್ಚಿ ನೋಡುತ್ತ, ಎರಡೂ ಒಂದೇ ಆಗುವವರೆಗೆ ಬಿಡಲಿಲ್ಲ. ಬಣ್ಣದವನನ್ನು ಕರೆಯೋಣ ಎಂದರೆ, "ಬಾಗಿಲು ಕೂರಿಸಿದವನಿಗೆ ಬಣ್ಣ ಬಳಿಯೋದೇನು ಮಹಾ?" ಎಂದರು. ಅಸಲಿಗೆ ಅವರು ಜೀವನದಲ್ಲಿ ಒಂದು ಬಾಗಿಲಿಗೂ ಬಣ್ಣ ಬಳಿದವರಲ್ಲ. ಕೂರಿಸಿ, ಕೈ ಒರೆಸಿಕೊಂಡು ಬರುವುದಷ್ಟೇ ಅವರ ಕೆಲಸವಾಗಿತ್ತು.

ಕೆನೆ ಬಣ್ಣ ಒಣಗಿತು. ಕೆಂಪು ಪಟ್ಟೆ ಉಳಿಯಿತು. ಅದಕ್ಕೆ ಸಿಕ್ಕಿದ್ದು ತಿಂಗಳ ಕೊನೆಯ ಸಂಜೆ. ಪಟ್ಟೆ ವ್ಯಾನಿನ ಮೈಯಿಂದ ಬಾಗಿಲಿಗೆ, ಬಾಗಿಲಿಂದ ಮತ್ತೆ ಮೈಗೆ ಕೂದಲೆಳೆಯಷ್ಟೂ ಕೊಂಕದೆ ಹೋಗಬೇಕೆಂದು ಮಾವ ಬಾಗಿಲನ್ನು ಭದ್ರವಾಗಿ ಹಾಕಿ, ದಾರ ಎಳೆದು, ಈ ತುದಿಯಿಂದ ಆ ತುದಿಗೆ ಒಂದೇ ಕೈಯಲ್ಲಿ ಬಳಿದರು. ಹಳೆಯ ಕೆಂಪು ಮಾಸಲಾಗಿ ಕಂಡಿತೆಂದು ಇನ್ನೊಂದು ಸಲ ದಪ್ಪಗೆ ಬಳಿದರು. ಅಂಚಿನಲ್ಲಿ ಎಲ್ಲೋ ನೀಲಿ ಇಣುಕುತ್ತಿತ್ತೆಂದು ಉಳಿದ ಕೆನೆ ಬಣ್ಣವನ್ನೆಲ್ಲ ಸುತ್ತಲೂ ಸಂದಿಗೆ ತುಂಬಿದರು. ಎಲ್ಲರೂ ನಿಂತು ನೋಡಿದರು. ಬಾಗಿಲು ಎಲ್ಲಿ ಶುರು, ಎಲ್ಲಿ ಕೊನೆ ಎಂದು ತಿಳಿಯುತ್ತಿರಲಿಲ್ಲ.

"ಮಾವ, ಹೊಸ ಗಾಡಿ ಆಯ್ತು," ಎಂದಳು. ಮಾವ ಬ್ರಷ್ಷನ್ನು ಮತ್ತೆ ಮತ್ತೆ ತೊಳೆದರು.

ಒಂದನೇ ತಾರೀಕು, ನಸುಕಿನಲ್ಲಿ ಅವಳು ಹಿಡಿ ಎಳೆದಳು. ಬಾಗಿಲು ಬರಲಿಲ್ಲ. ಕಾಲೂರಿ ಎಳೆದಳು. ವ್ಯಾನು ಅಲುಗಿತೇ ಹೊರತು ಬಾಗಿಲು ಬರಲಿಲ್ಲ. ಬಣ್ಣ ಸಂದಿಯೊಳಗೆ ಇಳಿದು, ರಬ್ಬರು ಪಟ್ಟಿಗೆ ಅಂಟಿ, ರಾತ್ರಿ ಬೆಳಗಾಗುವುದರೊಳಗೆ ಬಾಗಿಲು ಮತ್ತು ವ್ಯಾನನ್ನು ಒಂದು ಮಾಡಿಬಿಟ್ಟಿತ್ತು.

ಸದ್ದಿಗೆ ಮನೆಯೆಲ್ಲ ಎದ್ದು ಬಂತು.

"ಮುಚ್ಚಿಟ್ಟು ಬಣ್ಣ ಬಳೀತಾರೇನ್ರೀ ಯಾರಾದ್ರೂ?" ಎಂದರು ಅತ್ತೆ, ಮಾವನಿಗೆ. "ಇಡೀ ಜೀವಮಾನ ಬಣ್ಣದವರಿಗೆ ಇದೇ ವಿಷಯಕ್ಕೆ ಉಗಿದ್ರಲ್ಲ ನೀವು."

ಮಾವ ಸಂದಿಯ ಉದ್ದಕ್ಕೂ ಉಗುರಾಡಿಸಿ ನೋಡಿದರು. "ಬ್ಲೇಡು ತರ್ತೀನಿ. ಸುತ್ತ ಕೊಯ್ದು ಬಿಡಿಸ್ತೀನಿ. ನಿಧಾನಕ್ಕೆ ಮಾಡಿದ್ರೆ ಬಣ್ಣ ಏಳಲ್ಲ."

"ನಿಧಾನಕ್ಕೆ ಅಂದ್ರೆ?"

"ಮಧ್ಯಾಹ್ನದೊಳಗೆ."

"ಮಧ್ಯಾಹ್ನಕ್ಕೆ ಬ್ರೆಡ್ಡು ಯಾರಿಗೆ ಹಾಕ್ಲಿ ಮಾವ?"

ಗಂಡ ಹತ್ತಿರ ಬಂದು, "ನಾನು ಬೇಕರಿಯವರಿಗೆ ಫೋನು ಮಾಡಿ ನಾಳೆ ಬರ್ತಾಳೆ ಅನ್ಲಾ?" ಎಂದ.

"ನೀವು ಫೋನು ಮುಟ್ಟಿದ್ರೆ ಕೈ ಮುರೀತೀನಿ."

"ಒಳ್ಳೇದಕ್ಕೆ ಹೇಳಿದೆ ಕಣೆ."

"ನಿಮ್ಮ ಒಳ್ಳೇದು ಗುಂಡಿ ಡಬ್ಬದಲ್ಲಿ ನೋಡಿದೀನಿ."

ಅವಳು ವ್ಯಾನನ್ನು ಸುತ್ತಿ ಹೋಗಿ ಆ ಕಡೆಯ ಬಾಗಿಲು ತೆರೆದು, ಸೀರೆ ಎತ್ತಿ ಕಟ್ಟಿ, ಗೇರಿನ ಕೋಲು ದಾಟಿ ಸೀಟಿಗೆ ಜಾರಿದಳು. ಎಂಜಿನ್ನು ಎರಡು ಸಲ ಕೆಮ್ಮಿ ಹತ್ತಿಕೊಂಡಿತು.

"ಊಟದ ಹೊತ್ತಿಗೆ ಬಂದ್ಬಿಡ್ತೀಯಲ್ಲ?" ಎಂದು ಅತ್ತೆ ಕೂಗಿದರು. ಅವಳು ಗಾಜು ಏರಿಸಿದಳು. ಗಾಜು ಮಾತ್ರ ಬೆಣ್ಣೆಯ ಹಾಗೆ ಏರಿತು.

ಬೇಕರಿಯ ಮುಂದೆ ಅಳಿಯ ಟ್ರೇಗಳ ಮಧ್ಯೆ ನಿಂತುಕೊಂಡೇ ತೂಕಡಿಸುತ್ತಿದ್ದ. ಯಜಮಾನರು ಟ್ರೇ ಲೆಕ್ಕ ಬಿಟ್ಟು ಬಂದು ಬಾಗಿಲಿನ ಮುಂದೆ ನಿಂತರು. ಪಟ್ಟೆಯ ಮೇಲೆ ಬೆರಳಾಡಿಸಿದರು. ಆಮೇಲೆ ಹಿಡಿ ಎಳೆದರು. ಮತ್ತೆ ಎಳೆದರು. ಅವಳು ಆ ಕಡೆಯಿಂದ ಇಳಿದು ಬಂದು ಪಕ್ಕದಲ್ಲಿ ನಿಂತಳು.

"ಇದು ತೆಗೆಯೋಕೇ ಬರಲ್ವಲ್ಲಮ್ಮ?"

"ಬಾಗಿಲಿರ್ಬೇಕು ಅಂದ್ರಿ. ತೆಗೀಬೇಕು ಅಂತ ಅಂದ್ರಾ?"

"ಅದನ್ನೂ ಹೇಳ್ಬೇಕಾ?"

"ನಿಮ್ಮ ಚಿಂತೆ ಧೂಳಿಂದು. ಇದರೊಳಗೆ ಧೂಳಲ್ಲ, ಸೊಳ್ಳೆಯೂ ಹೋಗಲ್ಲ. ಹತ್ತಿ ಇಳಿಯೋ ಚಿಂತೆ ನಂದು."

ಅಳಿಯನ ನಿದ್ದೆ ಪೂರ್ತಿ ಹಾರಿಹೋಗಿತ್ತು. ಅವನು ಓಡಿಬಂದು ಬಾಗಿಲಿಗೆ ಅಂಗೈಯಿಂದ ಎರಡು ಸಲ ಬಡಿದ. "ಮಾವ, ಏನು ಭದ್ರ ನೋಡಿ. ಇಂಥ ಬಾಗಿಲು ನಮ್ಮ ಬೇಕರಿಗೇ ಇಲ್ಲ. ಲೈನು ಇವರಿಗೇ ಕೊಟ್ಬಿಡಿ."

"ನಿನ್ನ ಕೇಳಿದ್ನಾ?"

"ಕೇಳಿಲ್ಲ, ಆದ್ರೂ ಹೇಳ್ತಿದೀನಿ. ಈ ತಿಂಗಳು ನಾನು ಮಲಗಿಲ್ಲ. ಆ ಕರಕಲು ಅಂಚಿನವನು ದಿನಾ ಬನ್ನು ನನ್ನ ಮುಖದ ಮೇಲೆ ಎಸೀತಾನೆ."

ಯಜಮಾನರಿಗೆ ನಗು ತಡೆಯಲಾಗಲಿಲ್ಲ. "ತುಂಬಿಸ್ಕೋ ಹೋಗಮ್ಮ," ಎಂದರು.

ಅಂಗಡಿ ಅಂಗಡಿಗೂ ಅವಳು ಗೇರಿನ ಕೋಲು ದಾಟಿ ಇಳಿದಳು, ದಾಟಿ ಹತ್ತಿದಳು. ಪ್ರತಿ ಕಟ್ಟೆಯಲ್ಲೂ "ಬಂದ್ಯಾ ತಾಯಿ" ಎಂದು ಬರಮಾಡಿಕೊಂಡರು. ಕರಕಲು ಅಂಚಿನವನು ಬನ್ನು ತಿರುಗಿಸಿ ಮುರುಗಿಸಿ ನೋಡಿ, ಅವಳ ಮುಖ ನೋಡಿ, ತೆಪ್ಪಗೆ ಒಳಗಿಟ್ಟುಕೊಂಡ.

ಖಾಲಿ ಟ್ರೇ ಕೊಡಲು ಬೇಕರಿಗೆ ಬಂದಾಗ ಅಳಿಯ ಕಾದು ನಿಂತಿದ್ದ. "ಅಕ್ಕ, ಸೇತುವೆ ಆಚೆ ಹೊಸ ಬಡಾವಣೇಲಿ ಒಂದಷ್ಟು ಅಂಗಡಿ ಕೇಳ್ತಿದಾರೆ. ಮಧ್ಯಾಹ್ನದ ಮಾಲು. ಮಾವ ನನ್ನ ತಲೆಗೆ ಕಟ್ಟೋ ಮೊದಲೇ ನೀವು ಹಿಡ್ಕೊಳ್ಳಿ, ನಿಮ್ಮ ದಮ್ಮಯ್ಯ."

ಅವಳು ವ್ಯಾನಿನ ನೆರಳಲ್ಲಿ ನಿಂತು ಅರೆಗಳಿಗೆ ಯೋಚಿಸಿದಳು. ಅಷ್ಟರಲ್ಲಿ ಫೋನು ಬಡಿದುಕೊಂಡಿತು.

"ಎಲ್ಲಿದೀಯ?" ಗಂಡ. "ಲೈನು ಏನಾಯ್ತು?"

"ಸಿಕ್ತು."

ಆ ಕಡೆ "ಸಿಕ್ತಂತೆ" ಎಂದು ಅವನು ಯಾರಿಗೋ ಕೂಗಿ ಹೇಳಿದ್ದು ಕೇಳಿಸಿತು. ದನಿಯಲ್ಲಿ ಸಂತೋಷವೇ ಇತ್ತು, ಅದು ಅವಳಿಗೆ ತಿಳಿಯಿತು. "ಅಪ್ಪ ಬ್ಲೇಡು ಹಿಡ್ಕೊಂಡು ಗೇಟಲ್ಲೇ ಕೂತಿದಾರೆ. ಯಾವಾಗ ಬರ್ತೀಯ? ಅಕ್ಕಿ ತೊಳೆದಿಟ್ಟಿದೀನಿ."

"ತೊಳೆದೋರೇ ಬೇಯಿಸಿ."

"ನಾನಾ?"

"ಅತ್ತೆ ಹೇಳಿಕೊಡ್ತಾರೆ. ಕೈ ಮುಗಿದಿರೋದು ಒಲೆಗೆ, ಬಾಯಿಗಲ್ಲ."

"ನೀರು ಎಷ್ಟು ಹಾಕ್ಬೇಕು ಕೇಳೋ," ಎಂದು ಹಿಂದಿನಿಂದ ಅತ್ತೆ. "ಅಯ್ಯೋ, ನನಗೇ ಗೊತ್ತು, ಕೊಡು ಇಲ್ಲಿ ಪಾತ್ರೆ. ಅಷ್ಟು ಉರಿ ಬೇಡ್ವೋ, ಕಡಿಮೆ ಮಾಡೋ."

ಪಾತ್ರೆ ಬಿದ್ದ ಸದ್ದಾಯಿತು. ಮಗಳ ನಗು ಕೇಳಿಸಿತು. ಅವಳು ಫೋನು ಇಟ್ಟು, ಮಧ್ಯಾಹ್ನದ ಮಾಲು ತುಂಬಿಸಿಕೊಂಡು, ಆ ಕಡೆಯ ಬಾಗಿಲಿಂದ ಹತ್ತಿ, ಗೇರಿನ ಕೋಲು ದಾಟಿ ಕೂತು ಸೇತುವೆಯ ಕಡೆಗೆ ಹೊರಟಳು. ಮನೆಯಲ್ಲಿ ಅನ್ನ ಬೆಂದಿತು, ತಳ ಹತ್ತಿದ್ದನ್ನು ಕೆರೆದು ಎಲ್ಲರೂ ಉಂಡರು. ಮಾವ ಬ್ಲೇಡನ್ನು ಕಾಗದದಲ್ಲಿ ಸುತ್ತಿ ಪಕ್ಕದಲ್ಲಿಟ್ಟುಕೊಂಡು ಗೇಟಿಗೆ ಒರಗಿ ಕೂತರು. ಬೀದಿಯಲ್ಲಿ ಎಂಜಿನ್ನಿನ ಸದ್ದಾದಾಗಲೆಲ್ಲ ಕತ್ತೆತ್ತಿದರು. ಹೊತ್ತು ಇಳಿಯಿತು. ಸೇತುವೆಯಾಚೆಯ ಅಂಗಡಿಗಳು ಇನ್ನೂ ಮುಗಿದಿರಲಿಲ್ಲ; ಅವಳು ಬರಲಿಲ್ಲ.